ಕೊಳ್ಳದ ದಂಡೆಯ ಅಡುಗೆಮನೆ

ದೋಣಿಯಲ್ಲಿ ಕೂತು ತಿನ್ನುವ ರೊಟ್ಟಿಗೂ ಮನೆಯಲ್ಲಿ ಕೂತು ತಿನ್ನುವ ರೊಟ್ಟಿಗೂ ಹಿಟ್ಟು ಒಂದೇ, ಹದ ಬೇರೆ. ದೋಣಿಗೆ ಕಟ್ಟುವ ರೊಟ್ಟಿ ಖಡಕ್ ಆಗಿರಬೇಕು, ಆದರೆ ತೀರಾ ತೆಳ್ಳಗಿರಬಾರದು. ನೀರ ಮೇಲಿನ ತಂಪು ಗಾಳಿ ಹೊಡೆದರೆ ತೆಳ್ಳನೆಯ ರೊಟ್ಟಿ ಸ್ವಲ್ಪ ಹೊತ್ತಿನಲ್ಲೇ ನೆನೆದ ಹಪ್ಪಳದಂತಾಗುತ್ತದೆ, ಬಾಯಲ್ಲಿ ಮುರಿಯುವುದಿಲ್ಲ. ಸ್ವಲ್ಪ ದಪ್ಪ ತಟ್ಟಿ, ಹಂಚಿನಿಂದ ತೆಗೆದ ಮೇಲೆ ಒಲೆಯ ಮಗ್ಗುಲಿಗೆ ಆನಿಸಿ ನಿಲ್ಲಿಸಿ, ಬಿಸಿ ಪೂರ್ತಿ ಆರಿದ ಮೇಲೆಯೇ ಬಟ್ಟೆಯಲ್ಲಿ ಸುತ್ತಬೇಕು. ಇದನ್ನು ನನಗೆ ಯಾರೂ ಕಲಿಸಲಿಲ್ಲ. ಮೊದಲ ವರ್ಷ ಪ್ರವಾಸಿಗರ ಒಂದು ತಂಡ ಮೆತ್ತಗಾದ ರೊಟ್ಟಿಯನ್ನು ಮೀನಿಗೆ ಹಾಕಿ ಬಂದಿತು. ಅವತ್ತು ಕಲಿತೆ.

ಸತ್ತಿ ಎಂಬ ಊರಿನಿಂದ ಆಚೆ, ಕೃಷ್ಣೆಗೆ ಒಂದು ದೊಡ್ಡ ಹಳ್ಳ ಬಂದು ಸೇರುವ ಕಡೆ, ನೀರು ಕರಿಕಲ್ಲನ್ನು ಕೊರೆದು ಎರಡೂ ಬದಿಗೆ ಗೋಡೆ ನಿಲ್ಲಿಸಿದಂತೆ ಮಾಡಿದೆ. ನಾವು ಅದನ್ನು ಕೊಳ್ಳ ಅನ್ನುತ್ತೇವೆ. ಬೇರೆ ಹೆಸರು ಅದಕ್ಕೆ ಇರಲಿಲ್ಲ. ಮಳೆಗಾಲದಲ್ಲಿ ಅಲ್ಲಿ ಕಾಲಿಡುವ ಹಾಗಿಲ್ಲ, ಕೆಂಪು ನೀರು ಮರದ ಬೊಡ್ಡೆಗಳನ್ನು ಉರುಳಿಸಿಕೊಂಡು ಬರುತ್ತದೆ. ಮಳೆ ಮುಗಿದು, ಕೆಳಗಿನ ಬಾಂದಾರಕ್ಕೆ ಗೇಟು ಹಾಕಿ ನೀರು ತಡೆದ ಮೇಲೆ, ಹೊಳೆಯ ನೀರು ಹಿಂದಕ್ಕೆ ಸರಿದು ಕೊಳ್ಳದೊಳಗೆ ಬಂದು ನಿಲ್ಲುತ್ತದೆ. ಆಗ ನೋಡಬೇಕು ಅದನ್ನು. ಮೇಲೆ ಕರಿಗೋಡೆ, ಕೆಳಗೆ ಅದೇ ಗೋಡೆಯ ನೆರಳು, ನಡುವೆ ಒಂದು ಅಲೆಯೂ ಇಲ್ಲದ ನೀರು. ಕೂಗಿದರೆ ಕೂಗು ತಿರುಗಿ ಬರುತ್ತದೆ. ಬಂದವರೆಲ್ಲ ಮೊದಲು ಮಾಡುವ ಕೆಲಸ ಅದೇ, ಕೂಗುವುದು. ಎರಡನೆಯದು, ಮೊಸಳೆ ಇದೆಯೇ ಎಂದು ಕೇಳುವುದು.

ನನ್ನ ಮಾವನವರು ಬದುಕಿದ್ದಾಗ ಹೇಳುತ್ತಿದ್ದರು, ಅವರ ಅಪ್ಪನ ಕಾಲಕ್ಕೆ ಊರಿನ ಸತ್ತ ದನಗಳನ್ನು ಎಳೆದು ತಂದು ಹಾಕುತ್ತಿದ್ದುದು ಆ ಕೊಳ್ಳದಲ್ಲಿ. ಎಳೆಯುತ್ತಿದ್ದವರು ನಮ್ಮವರೇ. ಅದಕ್ಕೇ ಊರ ಮಂದಿ ಆ ಕಡೆ ಹಾಯುತ್ತಿರಲಿಲ್ಲ. ಈಗ ಸಾಂಗಲಿ, ಕೊಲ್ಹಾಪುರ, ಬೆಳಗಾವಿ, ಪುಣೆಯಿಂದ ಕಾರು ಮಾಡಿಕೊಂಡು ಬಂದು, ಕಿತ್ತಳೆ ಬಣ್ಣದ ಜಾಕೀಟು ತೊಟ್ಟು, ಅದೇ ನೀರಿನಲ್ಲಿ ಹುಟ್ಟು ಹಾಕುತ್ತಾರೆ, ಅದೇ ಬಂಡೆಯ ಮೇಲೆ ಡೇರೆ ಹೂಡಿ ಮಲಗುತ್ತಾರೆ. ಮಾವನವರು ನೋಡಿದ್ದರೆ ನಗುತ್ತಿದ್ದರೋ ಬೈಯುತ್ತಿದ್ದರೋ ಗೊತ್ತಿಲ್ಲ.

ಇದನ್ನೆಲ್ಲ ಶುರು ಮಾಡಿದವರು ನಮ್ಮ ಧಣಿ. ಕೊಳ್ಳದ ಮೇಲಿನ ಕಬ್ಬು, ದ್ರಾಕ್ಷಿ ತೋಟ ಅವರದು. ನನಗಿಂತ ಸಣ್ಣವರು, ಇನ್ನೂ ನಲವತ್ತು ದಾಟಿಲ್ಲ, ಕಾಲೇಜು ಓದಿದವರು. ನಾನು ಮದುವೆಯಾಗಿ ಬಂದ ವರ್ಷದಿಂದ ಅವರ ತೋಟದಲ್ಲಿ ಕೆಲಸ ಮಾಡಿದವಳು: ದ್ರಾಕ್ಷಿ ಗೊನೆ ತೆಳುವು ಮಾಡಿದ್ದೇನೆ, ಒಣದ್ರಾಕ್ಷಿ ಮಾಡುವ ಮಣೂಕದ ಶೆಡ್ಡಿನಲ್ಲಿ ಕಡ್ಡಿ ಆರಿಸಿದ್ದೇನೆ. ಮಧ್ಯಾಹ್ನ ಕೆಲಸದವರೆಲ್ಲ ಬುತ್ತಿ ಬಿಚ್ಚಿದಾಗ ಧಣಿ ಬಂದು ನನ್ನ ಬುತ್ತಿಯಿಂದಲೇ ರೊಟ್ಟಿ ಮುರಿದುಕೊಂಡು, ಶೇಂಗಾ ಚಟ್ನಿಪುಡಿಯ ಹಿಂಡಿ ಹಚ್ಚಿಕೊಂಡು, ನಿಂತೇ ತಿನ್ನುತ್ತಿದ್ದರು. "ಅಕ್ಕಾ, ನಿಮ್ಮ ರೊಟ್ಟಿ ತಿಂದ್ರ ನಮ್ಮ ಮನ್ಯಾಗಿಂದು ಸಪ್ಪಗ ಅನಸ್ತೈತಿ ನೋಡ್ರಿ," ಅನ್ನುತ್ತಿದ್ದರು. ಹೊಲದಲ್ಲಿ ಇದು ನಡೆಯುತ್ತಿತ್ತು. ಹೊಲದಲ್ಲಿ ಯಾರೂ ಏನೂ ಅನ್ನುತ್ತಿರಲಿಲ್ಲ. ಅದೇ ಧಣಿಯ ಮನೆಗೆ ನಾನು ಪಗಾರಕ್ಕೆ ಹೋದರೆ ಹೊರಗಿನ ಕಟ್ಟೆಯ ಮೇಲೆ ಕೂಡುತ್ತಿದ್ದೆ, ಚಹಾ ಬಂದರೆ ಕಾಗದದ ಕಪ್ಪಿನಲ್ಲಿ ಬರುತ್ತಿತ್ತು. ಹೀಗೇಕೆ ಎಂದು ಅವರೂ ವಿವರಿಸಲಿಲ್ಲ, ನಾನೂ ಕೇಳಲಿಲ್ಲ. ಮಳೆ ಯಾಕೆ ಮೇಲಿನಿಂದ ಬೀಳುತ್ತದೆ ಎಂದು ಯಾರಾದರೂ ಕೇಳುತ್ತಾರೆಯೇ?

ನಮ್ಮದು ಊರ ಹೊರಗಿನ ಓಣಿ. ನಮ್ಮ ಮನೆಯಲ್ಲಿ ದೇವರ ಜಗಲಿ ಇಲ್ಲ, ಬುದ್ಧನ ಫೋಟೋ ಇದೆ, ಹುಣ್ಣಿಮೆಗೆ ಓಣಿಯವರೆಲ್ಲ ಕೂಡಿ ವಂದನೆ ಮಾಡುತ್ತೇವೆ. ನನ್ನ ಯಜಮಾನರು ಅಥಣಿಯ ಒಂದು ಕಚೇರಿಯಲ್ಲಿ ಸಿಪಾಯಿ. ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬೈಕಿನ ಮೇಲೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಾರೆ. ಮಾತು ಕಡಿಮೆ, ಆಡಿದರೆ ಚುಚ್ಚುತ್ತದೆ.

ಧಣಿ ದಾಂಡೇಲಿಗೋ ಎಲ್ಲಿಗೋ ಹೋಗಿ ಬಂದವರು, ಅಲ್ಲಿ ದೋಣಿ ಆಡಿಸುವುದನ್ನು ನೋಡಿ, ನಮ್ಮ ಕೊಳ್ಳದಲ್ಲೂ ಯಾಕೆ ಆಗಬಾರದು ಎಂದು ತಲೆಯಲ್ಲಿ ತುಂಬಿಕೊಂಡರು. ರಬ್ಬರಿನ ದೋಣಿಗಳು ಬಂದವು, ಡೇರೆಗಳು ಬಂದವು, ಬಂಡೆ ಇಳಿಯುವ ಹಗ್ಗ ಬಂತು. ಒಂದು ದಿನ ನಮ್ಮ ಓಣಿಗೇ ಬಂದು, ಬೈಕಿನ ಮೇಲಿನಿಂದ ಇಳಿಯದೆ ಹೇಳಿದರು:

"ಅಕ್ಕಾ, ದೋಣಿ ಯಾರರ ನಡಸ್ತಾರ. ಊಟ ಮಾತ್ರ ನಿಮ್ಮ ಕೈಯಾಗಿಂದ ಆಗಬೇಕು. ಮಂದಿ ನೀರ ನೋಡಾಕ ಒಮ್ಮೆ ಬರ್ತಾರ, ರೊಟ್ಟಿ ತಿನ್ನಾಕ ಎರಡನೇ ಸಲಾ ಬರ್ತಾರ."

ನಾನು ಹೂಂ ಅಂದೆ. ಖುಷಿಯಿಂದಲೇ ಅಂದೆ.

ಮೊದಲ ಎರಡು ಚಳಿಗಾಲ ನನ್ನ ಅಡುಗೆ ನಡೆದದ್ದು ಕೊಳ್ಳದ ಅಂಚಿನ ಒಂದು ಬೇವಿನ ಮರದ ಬುಡದಲ್ಲಿ. ಮಣ್ಣಿನ ಎರಡು ಒಲೆ ಹಾಕಿಕೊಂಡಿದ್ದೆ. ಉರುವಲಿಗೆ ದ್ರಾಕ್ಷಿ ಬಳ್ಳಿ ಕತ್ತರಿಸಿ ಚಾಟಣಿ ಮಾಡಿದಾಗ ಉಳಿಯುವ ಕಡ್ಡಿ, ಹೊತ್ತಿಸಲು ಕಬ್ಬಿನ ಒಣಗರಿಯ ರವದಿ. ದ್ರಾಕ್ಷಿ ಕಡ್ಡಿ ಚಟಚಟ ಉರಿದು ಬೇಗ ಬೂದಿಯಾಗುತ್ತದೆ, ಒಂದು ಕೈ ರೊಟ್ಟಿಯ ಮೇಲಿದ್ದರೆ ಒಂದು ಕೈ ಒಲೆಯ ಬಾಯಲ್ಲಿ. ಬದನೆಕಾಯಿ ಎಣಗಾಯಿ, ಝುಣಕ, ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ. ಇಷ್ಟೇ. ಬಂದವರು ಚಾಪೆಯ ಮೇಲೆ ನನ್ನ ಸುತ್ತಲೇ ಕೂತು, ಹಂಚಿನಿಂದ ತೆಗೆದದ್ದನ್ನು ಊದಿ ಊದಿ ತಿನ್ನುತ್ತಿದ್ದರು. ಮರಾಠಿಯವರು "ಮಾವಶಿ, ಇನ್ನೊಂದು" ಎಂದು ಚಿಕ್ಕಮ್ಮನನ್ನು ಕೇಳುವಂತೆ ತಾಟು ಚಾಚುತ್ತಿದ್ದರು. ಒಬ್ಬ ದಪ್ಪನೆಯ ಮನುಷ್ಯ, ಮಿರಜಿನವರಿರಬೇಕು, ತಿಂದು ತಿಂದು ಕೊನೆಗೆ ಜಾಕೀಟಿನ ಪಟ್ಟಿ ಬಿಗಿಯಲಾರದೆ ದೋಣಿ ಹತ್ತಲೇ ಇಲ್ಲ. ಅವರ ಹೆಂಡತಿ, "ಇವರನ್ನ ನೀರಾಗ ಹಾಕಿದ್ರ ಬಾಂದಾರ ತುಂಬಿ ಹರೀತೈತಿ, ಇಲ್ಲೇ ಇಟಗೋರಿ ಮಾವಶಿ," ಎಂದು ಕನ್ನಡದಲ್ಲಿ ಹೇಳಿ ನಗಿಸಿದರು.

ಧಣಿಯ ತಾಯಿಯೂ ಬರುತ್ತಿದ್ದರು. ಅವ್ವಾರು ಎಂದು ನಾವೆಲ್ಲ ಕರೆಯುತ್ತೇವೆ. ಒಳ್ಳೆಯ ಜೀವ. ನನಗೆ ಹೆರಿಗೆಯಾದಾಗ ತುಪ್ಪ ಕಳಿಸಿಕೊಟ್ಟವರು. ಒಂದು ದಿನ ಮಡಿ ಸೀರೆಯ ಸೆರಗು ಎತ್ತಿ ಹಿಡಿದು ಬಂಡೆಯ ಮೇಲೆ ಕೂತು, ನಾನು ಕೊಟ್ಟ ರೊಟ್ಟಿಯನ್ನು ಹರಿದು ಹಿಂಡಿ ಹಚ್ಚಿಕೊಂಡು ತಿಂದರು. ನಾನು ನೋಡುತ್ತಿದ್ದುದು ಅವರಿಗೆ ತಿಳಿಯಿತು.

"ಏನ್ ನೋಡ್ತಿ ಬೇ? ಹೊಳಿ ಮುಂದ ಅದೆಲ್ಲಾ ಇರಂಗಿಲ್ಲ. ಬೈಲಾಗ ನಡೀತೈತಿ," ಅಂದರು.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಈ ಮಾತನ್ನು ಯಜಮಾನರಿಗೆ ಹೇಳಿದೆ. ನನಗೆ ಅದು ದೊಡ್ಡ ಸಂಗತಿ ಅನಿಸಿತ್ತು. ಅವರು ತಾಟಿನಿಂದ ಮುಖ ಎತ್ತದೆ, "ಬೈಲಾಗ ನಾಯಿನೂ ನಡೀತೈತಿ," ಅಂದರು. ಆಮೇಲೆ ನನ್ನ ಮುಖ ನೋಡಿ, "ಪಲ್ಯಾ ಛಲೋ ಆಗೇತಿ," ಎಂದು ಸೇರಿಸಿದರು.

ಬಯಲಿನ ಅಡುಗೆ ಫೋಟೋದಲ್ಲಿ ಚೆಂದ. ಮಾಡುವವಳಿಗೆ ಗಾಳಿ ಒಂದು ಶತ್ರು. ಕೊಳ್ಳದ ಬಾಯಿಯಿಂದ ಮಧ್ಯಾಹ್ನದ ಹೊತ್ತಿಗೆ ಗಾಳಿ ಏಳುತ್ತದೆ, ಉರಿಯನ್ನು ಒಲೆಯಿಂದ ಹೊರಕ್ಕೆ ಎಳೆದು ನನ್ನ ಮೊಣಕಾಲಿಗೆ ತಾಗಿಸುತ್ತದೆ. ಹಿಟ್ಟಿನಲ್ಲಿ ಮರಳು, ಮೊಸರಿನಲ್ಲಿ ಬೇವಿನ ಎಲೆ. ನೀರು ತರಬೇಕೆಂದರೆ ತೋಟದ ಬೋರಿನವರೆಗೆ ಹೋಗಬೇಕು, ಎರಡು ಕೊಡ, ಏರು ದಾರಿ. ನನ್ನ ಮೊಣಕಾಲು ಆಗಲೇ ಬಾತುಕೊಳ್ಳುತ್ತಿತ್ತು. ಎರಡನೆಯ ವರ್ಷದ ಕೊನೆಗೆ, ಬಿಸಿಲು ಏರಿ ನೀರು ಇಳಿದು ದೋಣಿಗಳನ್ನು ಮಗುಚಿ ಹಾಕಿದ ದಿನ, ನಾನು ಧಣಿಗೆ ಕೇಳಿದೆ. ಜೀವನದಲ್ಲಿ ಅವರನ್ನು ನಾನು ಕೇಳಿದ್ದು ಅದೊಂದೇ.

"ಧಣ್ಯಾರ, ಮುಂದಿನ ಸೀಜನ್ನಿಗೆ ಒಂದು ಅಡಗಿಮನಿ ಕಟ್ಟಸ್ರಿ. ದೊಡ್ಡದೇನ ಬ್ಯಾಡ. ನಾಕ ಗ್ವಾಡಿ, ಮ್ಯಾಲ ತಗಡಿನ ಪತ್ರಾಸ, ಒಳಗ ಒಂದು ನಳಾ. ನಿಂತ ಮಾಡುವಂಗ ಕಟ್ಟಿ."

ಅವರು ತಕ್ಷಣ ಒಪ್ಪಿದರು. "ನಿಮಗಲ್ದ ಮತ್ಯಾರಿಗಿ ಕಟ್ಟಸ್ಲಿ? ಅಡಗಿಮನಿ ಅಂದ್ರ ಅಡಗಿಮನಿ ಆಗಬೇಕು ನೋಡ್ರಿ," ಅಂದರು. ಒಲೆ ಎಲ್ಲಿ, ಕಿಟಕಿ ಎಲ್ಲಿ ಎಂದು ನನ್ನನ್ನೇ ಕೇಳಿದರು. ನಾನು ಕಡ್ಡಿಯಿಂದ ಮಣ್ಣಿನ ಮೇಲೆ ಗೀಚಿ ತೋರಿಸಿದೆ: ಗಾಳಿ ಈ ಕಡೆಯಿಂದ ಬರುತ್ತದೆ, ಆದ್ದರಿಂದ ಬಾಗಿಲು ಈ ಕಡೆ, ಹಿಟ್ಟಿನ ಡಬ್ಬಿಗೆ ಇಲ್ಲೊಂದು ಗೂಡು, ಕೊಳ್ಳ ಕಾಣುವಂತೆ ಇಲ್ಲೊಂದು ಕಿಟಕಿ. ರೊಟ್ಟಿ ತಟ್ಟುತ್ತ ದೋಣಿ ಬರುವುದನ್ನು ನೋಡಬಹುದು, ಎಷ್ಟು ಮಂದಿ ಇದ್ದಾರೆಂದು ಎಣಿಸಿ ಹಿಟ್ಟು ಕಲಸಬಹುದು.

ಯಜಮಾನರು ಮಾತ್ರ ಇದನ್ನು ಕೇಳಿ ಎದ್ದು ಬೈಕಿನ ಹತ್ತಿರ ಹೋದರು. ಆಮೇಲೆ ಬೈಕು ಒರೆಸುತ್ತ ಹೇಳಿದರು: "ನೀ ಪತ್ರಾಸ ಕೇಳಬಾರದಿತ್ತು."

"ಯಾಕ್ರಿ? ನನ್ನ ಮೊಣಕಾಲ ನಿಮಗ ಕಾಣಂಗಿಲ್ಲೇನು?"

"ಕಾಣ್ತೈತಿ. ಮ್ಯಾಲ ಆಕಾಶ ಇರೂಮಟ ಅದು ಬೈಲ. ಪತ್ರಾಸ ಬಿತ್ತಂದ್ರ ಮನಿ ಆಕ್ಕೈತಿ. ಮನಿ ಆತಂದ್ರ ಅವರ ಮನಿ."

ನನಗೆ ಸಿಟ್ಟು ಬಂತು. ಎಲ್ಲದರಲ್ಲೂ ಕೆಟ್ಟದ್ದನ್ನೇ ನೋಡುವ ಚಟ ನಿಮಗೆ ಅಂದೆ. ಕಾಲ ಬದಲಾಗಿದೆ, ಅವ್ವಾರು ನನ್ನ ಕೈಯಿಂದ ತಿಂದಿದ್ದನ್ನು ನಾನು ಕಣ್ಣಾರೆ ಕಂಡವಳು ಅಂದೆ. ಅವರು ಬೈಕಿನ ಕನ್ನಡಿ ಒರೆಸಿದರು.

ಮಳೆಗಾಲದಲ್ಲಿ ಕಟ್ಟಡ ಎದ್ದಿತು. ನಾನು ಹೊಲದ ಕೆಲಸಕ್ಕೆ ಹೋಗಿ ಬರುವಾಗಲೆಲ್ಲ ದಾರಿ ತಪ್ಪಿಸಿ ಹೋಗಿ ನೋಡಿ ಬರುತ್ತಿದ್ದೆ. ತಳಪಾಯ, ಗೋಡೆ, ಕಿಟಕಿಯ ಚೌಕಟ್ಟು. ನಾನು ಗೀಚಿದ ಜಾಗದಲ್ಲೇ ಕಿಟಕಿ ಕೂತಿತ್ತು. ಕಪ್ಪು ಕಲ್ಲಿನ ಕಟ್ಟೆ, ನೆಲಕ್ಕೆ ಬಿಳಿ ಫರಸಿ, ಎರಡು ನಳ. ಗೋಡೆ ಕಟ್ಟುವ ಗೌಂಡಿ ಒಮ್ಮೆ ನಳ ತಿರುಗಿಸಿ ತೋರಿಸಿದ. ನೀರು ಧೋ ಎಂದು ಬಂತು. ನಾನು ಕೈ ಒಡ್ಡಿ ಮುಖ ತೊಳೆದುಕೊಂಡು ಸೆರಗಿನಿಂದ ಒರೆಸಿಕೊಂಡೆ. ಆಗಿನ್ನೂ ಅದಕ್ಕೆ ಸೂರು ಹಾಕಿರಲಿಲ್ಲ.

ದಸರೆಗೆ ವಾಸ್ತುಶಾಂತಿ ಇಟ್ಟರು. ನನಗೆ ಕರೆ ಬಂತು. ಹೊಸ ಸೀರೆ ಉಟ್ಟು ಹೋದೆ. ಒಳಗೆ ಹೋಮದ ಹೊಗೆ, ಹೊರಗೆ ಮಂದಿ. ಬಾಗಿಲಿನಿಂದ ಇಣುಕಿದರೆ, ಹಿಟ್ಟಿನ ಡಬ್ಬಿಗೆಂದು ನಾನು ಹೇಳಿದ್ದ ಗೂಡಿನಲ್ಲಿ ದೇವರ ಫೋಟೋ, ಮುಂದೆ ನಂದಾದೀಪ. ದೇವರ ಜಗಲಿ ಮಾಡಿದ್ದರು. ಹಿಟ್ಟಿನ ಡಬ್ಬಿಗೆ ಬೇರೆ ಜಾಗ ನೋಡಿದರಾಯಿತು ಎಂದಷ್ಟೇ ನಾನು ಅಂದುಕೊಂಡೆ. ಊಟವಾದ ಮೇಲೆ ಧಣಿ ನನ್ನನ್ನು ಬೇವಿನ ಮರದ ಕಡೆ ಕರೆದುಕೊಂಡು ಹೋದರು. ಅವರ ನಡಿಗೆ ನೋಡಿಯೇ ನನಗೆ ಏನೋ ಅನಿಸಿತು. ನನ್ನ ಮುಂದೆ ನಡೆಯುವ ಬದಲು ನನ್ನ ಜೋಡಿ ನಡೆಯುತ್ತಿದ್ದರು.

"ಅಕ್ಕಾ, ಅಡಗಿ ಮಾಡೂ ಒಬ್ಬ ಆಚಾರಿನ್ನ ಇಟಗೊಂಡೇನಿ. ಸಾಂಗಲಿ ಕಡಿಯಾಂವ. ಮಂದಿ ಪನೀರ, ಪುಲಾವ ಎಲ್ಲಾ ಕೇಳ್ತಾರ. ಅಂವ ಒಳಗ ಅದನ್ನ ನೋಡಕೋತಾನ."

"ಛಲೋ ಆತಲ್ರಿ. ನಾ ಒಂದ ಕಡೆ ರೊಟ್ಟಿ ಮಾಡ್ತೀನಿ."

"ಅದ ಹೇಳೂದು... ನೀವು ಇಲ್ಲೇ, ಗಿಡದ ಬುಡಕ. ಮಂದಿಗಿ ಅದ ಬೇಕಾಗೈತಿ. ಮಣ್ಣಿನ ಒಲಿ, ಹೊಗಿ, ಗಿಡದ ನೆಳ್ಳ. ಅದನ್ನ ನೋಡಾಕ ಬರ್ತಾರ."

ಅವರು ಬೂಟಿನ ತುದಿಯಿಂದ ಹಳೆಯ ಒಲೆಯ ಬೂದಿಯನ್ನು ಕೆದಕಿದರು.

"ನನಗೇನ ಇಲ್ಲ, ನಾ ಅದನ್ನೆಲ್ಲಾ ನಂಬಾವಲ್ಲ. ನಿಮಗ ಗೊತ್ತೈತಿ. ಆದ್ರ ಒಳಗ ಜಗಲಿ ಐತಿ. ಅವ್ವನ ಮನಸಿಗಿ..."

"ಅವ್ವಾರು ನನ್ನ ಕೈಯಾಗಿಂದ ಉಂಡಾರಲ್ರಿ," ಅಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿತು.

"ಅದು ಹೊರಗ, ಅಕ್ಕಾ."

ಅವ್ವಾರು ಅವತ್ತು ನನಗೆ ಉಡಿ ತುಂಬಿದರು. ಅಕ್ಕಿ, ಕುಪ್ಪಸದ ಕಣ, ಕೊಬ್ಬರಿ, ಬೆಲ್ಲದ ಉಂಡೆ. ಮೇಲಿನಿಂದ ಹಾಕಿದರು, ಕೈ ತಾಗದ ಹಾಗೆ. ಅವರ ಕಣ್ಣಿನಲ್ಲಿ ಕಪಟವಿರಲಿಲ್ಲ. ಅದೇ ನನಗೆ ಇವತ್ತಿಗೂ ತಿಳಿಯದ್ದು. ಕಪಟವಿದ್ದಿದ್ದರೆ ಸಿಟ್ಟಾದರೂ ಮಾಡಬಹುದಿತ್ತು.

ಮನೆಗೆ ಬಂದು ಯಜಮಾನರಿಗೆ ಹೇಳಿದೆ. ನಾನು ಹೇಳಿದ್ದೆನಲ್ಲ ಎಂಬ ಮಾತು ಬರುತ್ತದೆ ಎಂದು ಕಾದೆ. ಬರಲಿಲ್ಲ. ಬಂದಿದ್ದರೆ ಒಂದು ಜಗಳವಾಡಿ ಹಗುರಾಗುತ್ತಿದ್ದೆ. ಅವರು ಎದ್ದು ಹೋಗಿ ನನ್ನ ಮೊಣಕಾಲಿಗೆ ಹಚ್ಚುವ ಎಣ್ಣೆಯ ಬಾಟಲಿ ತಂದು ಪಕ್ಕದಲ್ಲಿಟ್ಟರು.

ಬಿಡಬಹುದಿತ್ತು. ಓಣಿಯವರು ಕೇಳುತ್ತಾರೆ, ಯಾಕೆ ಬಿಡಲಿಲ್ಲ ಎಂದು. ಏನು ಹೇಳಲಿ? ದ್ರಾಕ್ಷಿ ತೋಟವೂ ಅವರದೇ, ಮಣೂಕದ ಶೆಡ್ಡೂ ಅವರದೇ. ಮತ್ತೆ, ರೊಟ್ಟಿ ಮಾಡುವುದು ನನಗೆ ಇಷ್ಟ. ತಿನ್ನುವವರ ಮುಖ ನೋಡುವುದು ಇಷ್ಟ. ಒಂದು ಕೆಲಸ ಕೈಗೆ ಒಗ್ಗಿದ ಮೇಲೆ ಅದು ಅವಮಾನದ ಜೊತೆಗೂ ಬರುತ್ತದೆ, ಅವಮಾನವಿಲ್ಲದೆಯೂ ಬರುತ್ತದೆ. ಕೈ ಅದನ್ನು ಬೇರೆ ಮಾಡಿ ನೋಡುವುದಿಲ್ಲ.

ಹಾಗಾಗಿ ಮೂರನೆಯ ಚಳಿಗಾಲ ಹೀಗೆ ಶುರುವಾಯಿತು. ನನ್ನ ಬೆನ್ನಿನ ಹಿಂದೆ ನಾನು ಗೀಚಿದ ಅಡುಗೆಮನೆ. ಅದರ ಕಿಟಕಿಯಿಂದ ಆಚಾರಿ ಬಕೆಟ್ಟಿನಲ್ಲಿ ನೀರು ಕೆಳಗಿಳಿಸುತ್ತಿದ್ದ, ನಾನು ನನ್ನ ಕೊಡಕ್ಕೆ ಸುರಿದುಕೊಂಡು ಖಾಲಿ ಬಕೆಟ್ಟು ಮೇಲೆ ಕೊಡುತ್ತಿದ್ದೆ. ಅವನಿಗೂ ಅದು ವಿಚಿತ್ರ ಅನಿಸಿತ್ತು. "ಅಕ್ಕಾ, ನಳದ ನೀರಿಗಿ ಬಾವಿ ಮಾಡ್ಯಾರಲ್ಲ ಇವರು! ಒಂದ ಹಗ್ಗಾ ಕಟ್ಟಿ ಸೇದ ಬಿಡ್ರಿ," ಅನ್ನುತ್ತಿದ್ದ. ನಾನೂ ನಗುತ್ತಿದ್ದೆ. ನನ್ನ ಒಲೆಯ ಪಕ್ಕ ಈಗ ಒಂದು ಹಲಗೆ ನೆಟ್ಟಿದ್ದರು. ಹಳ್ಳಿಯ ಒಲೆಯ ಬಿಸಿ ರೊಟ್ಟಿ ಎಂದು ಮರಾಠಿ, ಕನ್ನಡ, ಇಂಗ್ಲಿಷಿನಲ್ಲಿ ಬರೆದಿತ್ತು. ಬಂದವರು ಮೊದಲು ನನ್ನ ಫೋಟೋ ತೆಗೆಯುತ್ತಿದ್ದರು. ಕೆಲವರು ಪಕ್ಕದಲ್ಲಿ ಕುಕ್ಕುರುಗಾಲಿನಲ್ಲಿ ಕೂತು, ಒಂದು ರೊಟ್ಟಿ ತಟ್ಟಲು ನೋಡಿ, ಅದನ್ನು ಹರಿದು, ನಕ್ಕು ಎದ್ದು ಹೋಗುತ್ತಿದ್ದರು. ಹರಿದ ರೊಟ್ಟಿಯ ಹಿಟ್ಟನ್ನು ನಾನು ಮತ್ತೆ ನಾದುತ್ತಿದ್ದೆ.

ದೀಪಾವಳಿಯ ರಜೆಗೆ ಕೊಳ್ಳ ತುಂಬಿತ್ತು, ಮಂದಿಯಿಂದ. ಅವತ್ತು ಪುಣೆಯ ಒಂದು ದೊಡ್ಡ ಗುಂಪು ಬಂದಿತ್ತು, ಮೂರು ನಾಲ್ಕು ಮನೆಯವರು ಕೂಡಿ. ಬೆಳಿಗ್ಗೆ ಎಲ್ಲರೂ ದೋಣಿಯಲ್ಲಿ ಕೊಳ್ಳದ ಒಳಗೆ ಹೋಗಿದ್ದರು. ನಾನು ದೊಡ್ಡ ಪರಾತದ ತುಂಬ ಹಿಟ್ಟು ಕಲಸಿ, ಒದ್ದೆ ಬಟ್ಟೆ ಮುಚ್ಚಿಟ್ಟಿದ್ದೆ. ಹಿಂಗಾರಿನ ಮೋಡ ಬೆಳಿಗ್ಗೆಯಿಂದಲೂ ಇತ್ತು, ಆದರೆ ಅದು ವಾರದಿಂದ ಹಾಗೇ ಬಂದು ಹಾಗೇ ಹೋಗುತ್ತಿತ್ತು. ದೋಣಿಗಳು ದಂಡೆಗೆ ಹತ್ತುವುದಕ್ಕೂ ಮೊದಲ ಹನಿ ಬೀಳುವುದಕ್ಕೂ ಸರಿಹೋಯಿತು. ಎರಡು ರೊಟ್ಟಿ ಹಂಚಿನ ಮೇಲಿದ್ದವು. ನೋಡನೋಡುತ್ತ ಬೇವಿನ ಮರ ತಡೆಯಲಾರದಷ್ಟು ಮಳೆ ಸುರಿಯಿತು. ಒಲೆ ಬುಸ್ಸೆಂದು ಬಿಳಿ ಹೊಗೆ ಬಿಟ್ಟು ಸತ್ತಿತು. ಹಂಚು ಬಿರುಕು ಬಿಟ್ಟ ಸದ್ದು ಕೇಳಿತು.

ಪುಣೆಯವರು ಕೂಗುತ್ತ, ನಗುತ್ತ ಓಡಿ ಬಂದು ಅಡುಗೆಮನೆಯ ಒಳಗೆ ತುಂಬಿಕೊಂಡರು. ಒದ್ದೆ ಚಪ್ಪಲಿ, ಕೆಸರು ಕಾಲು, ಮಕ್ಕಳು, ಒಂದು ಸಣ್ಣ ನಾಯಿ. ಜಗಲಿಯ ಮುಂದೆಯೇ ಜಾಕೀಟು ಬಿಚ್ಚಿ ಹಿಂಡಿದರು. ನಾನು ಪರಾತವನ್ನು ಎದೆಗೆ ಅವಚಿ ಹಿಡಿದು, ಹಿಟ್ಟಿಗೆ ನೀರು ತಾಗದ ಹಾಗೆ ಮೇಲೆ ಸೆರಗು ಹೊದಿಸಿ, ಗೋಡೆಯವರೆಗೆ ಹೋದೆ. ಸೂರಿನ ಅಂಚಿನಿಂದ ನೀರು ನನ್ನ ಬೆನ್ನ ಮೇಲೇ ಬೀಳುತ್ತಿತ್ತು. ಇನ್ನೊಂದು ಹೆಜ್ಜೆ ಇಟ್ಟರೆ ಹೊಸ್ತಿಲು.

ಒಬ್ಬ ಹೆಣ್ಣುಮಗಳು, ನನ್ನ ವಯಸ್ಸಿನವರೇ, ಬಾಗಿಲಿಗೆ ಬಂದರು. "ಅಗಂಬಾಯಿ! ಮಾವಶಿ, ಆತ ಯಾ ನಾ!" ಒಳಗೆ ಬನ್ನಿ ಎಂದು ಮರಾಠಿಯಲ್ಲಿ ಅಂದು, ನನ್ನ ಮೊಣಕೈ ಹಿಡಿದು ಎಳೆದರು. ಒದ್ದೆಯಾದ, ಬೆಚ್ಚನೆಯ ಕೈ.

ಒಳಗೆ ಧಣಿ ಇದ್ದರು. ಅವ್ವಾರು ಇರಲಿಲ್ಲ, ಊರಲ್ಲಿದ್ದರು. ನಾನು ಧಣಿಯ ಮುಖ ನೋಡಿದೆ. ಅವರು ಸುಮ್ಮನಿದ್ದರೆ ಸಾಕಿತ್ತು. ಬಾ ಎನ್ನುವುದೂ ಬೇಕಿರಲಿಲ್ಲ, ಆಚೆ ತಿರುಗಿ ಮೊಬೈಲು ನೋಡಿದ್ದರೂ ನಾನು ಒಳಗೆ ಹೋಗುತ್ತಿದ್ದೆ. ಮಳೆಯ ನೆಪ ಇತ್ತಲ್ಲ, ಎಲ್ಲರಿಗೂ ಒಂದು ನೆಪ ಇತ್ತು.

ಅವರು ಮುಂದೆ ಬಂದು ಆ ಹೆಣ್ಣುಮಗಳಿಗೆ ನಗುತ್ತ ಮರಾಠಿಯಲ್ಲಿ ಹೇಳಿದರು, ನನಗೆ ಒಳಗೆ ಕೂತರೆ ಉಸಿರು ಕಟ್ಟುತ್ತದೆ, ನಾನು ಹುಟ್ಟಿದಾಗಿನಿಂದ ಬಯಲಿನ ಜೀವ, ಮಳೆಯೆಂದರೆ ನನಗೆ ಹಬ್ಬ. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ, ಅದೇ ನಗುಮುಖದಲ್ಲಿ, "ಹೌದಲ್ರಿ ಅಕ್ಕಾ?" ಅಂದರು.

ಮರಾಠಿ ನನಗೂ ಬರುತ್ತದೆ ಎಂಬುದು ಅವರಿಗೆ ಗೊತ್ತು. ನಮ್ಮ ಕಡೆ ಯಾರಿಗೆ ಬರುವುದಿಲ್ಲ?

"ಹೌದ್ರಿ," ಅಂದೆ.

ಹೆಣ್ಣುಮಗಳು ಕೈ ಬಿಟ್ಟರು. ಎಷ್ಟು ಚೆಂದ, ನಾವು ಪುಣೆಯಲ್ಲಿ ನಾಲ್ಕು ಗೋಡೆಯ ಒಳಗೆ ಸಾಯುತ್ತೇವೆ ಅಂದರು. ಮೊಬೈಲು ತೆಗೆದು ನನ್ನ ವಿಡಿಯೋ ಮಾಡಿದರು. ನಾನು ಮಳೆಯಲ್ಲಿ ನಿಂತು ಪರಾತ ಹಿಡಿದದ್ದು ಅದರಲ್ಲಿ ಬಂದಿರಬೇಕು. ನಿಸರ್ಗದ ಮಗಳು ಎಂದು ಮರಾಠಿಯಲ್ಲಿ ಅನ್ನುತ್ತ, ಮೊಬೈಲನ್ನು ಮೇಲಕ್ಕೆ ತಿರುಗಿಸಿ ಮೋಡ ತೋರಿಸಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಕರೆದವರು ಅವರೊಬ್ಬರೇ.

ಆಚಾರಿ ಒಳಗಿನಿಂದ ಎಲ್ಲ ನೋಡುತ್ತಿದ್ದ. ಅವನು ಗ್ಯಾಸಿನ ಮೇಲೆ ಎಲ್ಲರಿಗೂ ಪುಲಾವು ಬಿಸಿ ಮಾಡಿ ಬಡಿಸಿದ. ಕಿಟಕಿಯಿಂದ ನನಗೂ ಒಂದು ತಾಟು ಕೆಳಗಿಳಿಸಿದ. ಅವತ್ತು ಬಾವಿಯ ಮಾತು ಆಡಲಿಲ್ಲ. ನಾನು ತಾಟನ್ನು ಕಿಟಕಿಯ ಅಂಚಿನಲ್ಲೇ ಬಿಟ್ಟು, ಪರಾತ ತಲೆಯ ಮೇಲೆ ಹೊತ್ತು ಮನೆಗೆ ನಡೆದೆ. ಎರೆಮಣ್ಣು ಚಪ್ಪಲಿಗೆ ಹತ್ತಿ ಹತ್ತಿ ಕಾಲು ಗುಂಡಾದವು. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೆ.

ಅಷ್ಟು ಮಂದಿಯ ಹಿಟ್ಟು ಮನೆಯಲ್ಲಿ ಏನು ಮಾಡುವುದು? ಜೋಳದ ಹಿಟ್ಟು ಕಲಸಿಟ್ಟರೆ ಮರುದಿನಕ್ಕೆ ಹುಳಿ ಬರುತ್ತದೆ, ಬಿರಿಯುತ್ತದೆ. ಚೆಲ್ಲಲು ಕೈ ಬರಲಿಲ್ಲ. ಒಲೆ ಹೊತ್ತಿಸಿ ತಟ್ಟತೊಡಗಿದೆ. ಯಜಮಾನರು ರೇನ್‌ಕೋಟು ಕೊಡವುತ್ತ ಬಂದು, ಪರಾತ ನೋಡಿ, ನನ್ನ ತೊಯ್ದ ಸೀರೆ ನೋಡಿ, ಒಲೆಯ ಮುಂದೆ ಕೂತು ಕಟ್ಟಿಗೆ ಸರಿಸತೊಡಗಿದರು. ಸ್ವಲ್ಪ ಹೊತ್ತಾದ ಮೇಲೆ ನಾನೇ ಹೇಳಿದೆ. ಪೂರ್ತಿ ಹೇಳಿದೆ, ಹೌದ್ರಿ ಅಂದದ್ದನ್ನೂ ಹೇಳಿದೆ.

"ನೀವಾಗಿದ್ರ ಏನಂತಿದ್ರಿ?" ಎಂದು ಕೇಳಿದೆ.

ಅವರು ಉರಿ ನೋಡುತ್ತ ಕೂತಿದ್ದರು. "ಆಫೀಸಿನ್ಯಾಗ ನಾ ದಿನಾ ಏನಂತೀನಿ?" ಅಂದರು. "ಹೌದ್ರಿ ಅಂತೀನಿ."

ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ಕಚೇರಿಯ ಬಗ್ಗೆ ನನಗೆ ಹೇಳಿದ ಮಾತು ಇಷ್ಟೇ. ಚುಚ್ಚುವ ಮಾತೆಲ್ಲ ಎಲ್ಲಿಂದ ಬರುತ್ತಿತ್ತು ಎಂದು ಅವತ್ತು ತಿಳಿಯಿತು. ತಿಳಿದು ಏನಾಯಿತು? ಇಬ್ಬರೂ ಒಂದೇ ಒಲೆಯ ಮುಂದೆ ಕೂತೆವು, ಅಷ್ಟೇ. ಒಬ್ಬರಿಗೆ ಒಬ್ಬರು ಹೇಳಿಕೊಡುವಂಥದ್ದು ನಮ್ಮಲ್ಲಿ ಏನೂ ಇರಲಿಲ್ಲ.

ರೊಟ್ಟಿಯ ವಾಸನೆಗೆ ಓಣಿಯ ಹೆಂಗಸರು ಬಂದರು. ಪಕ್ಕದ ಮನೆಯವಳು ರಾಶಿ ನೋಡಿ, "ಏನ್ ಕಾರ್ಯಾ ಐತಿ ವೈನಿ? ನಮಗ ಹೇಳಲೇ ಇಲ್ಲ!" ಎಂದು ಕಣ್ಣರಳಿಸಿದಳು.

"ಮಳಿ ಕಾರ್ಯಾ," ಅಂದರು ಯಜಮಾನರು. "ಒಯ್ರಿ ಎಲ್ಲಾರೂ."

ಅವರು ನಗುತ್ತ ಸೆರಗಿನಲ್ಲಿ ಕಟ್ಟಿಕೊಂಡು ಹೋದರು. ಬಿಸಿ ರೊಟ್ಟಿಗೆ ಯಾವ ಮನೆಯವರೂ ಬೇಡ ಅನ್ನಲಿಲ್ಲ.

ಊಟ ಮುಗಿಸುವ ಹೊತ್ತಿಗೆ ಧಣಿಯ ಫೋನು ಬಂತು. ಮಧ್ಯಾಹ್ನದ ಸುದ್ದಿಯನ್ನೇ ಎತ್ತಲಿಲ್ಲ.

"ಅಕ್ಕಾ, ನಾಳೆ ಬಿಸಲ ಬೀಳ್ತೈತಂತ ಮೊಬೈಲದಾಗ ತೋರಸಾಕತ್ತೈತಿ. ಪುಣೆದವರು ಇನ್ನೊಂದ ದಿನಾ ಇರತಾರಂತ. ರೊಟ್ಟಿ ತಿಂದ ಹೋಗ್ತೇವಿ ಅಂತ ಹಟಾ ಹಿಡದಾರ. ಬರ್ತೀರಲ್ಲಾ?"

"ಒಲಿ ತೊಯ್ದೈತ್ರಿ. ಕಟಗಿನೂ ತೊಯ್ದಾವು."

"ಒಣಾ ಕಟಗಿ ಒಳಗ ಅದಾವು. ಕಿಡಕ್ಯಾಗಿಂದ ಕೊಡಸ್ತೀನಿ."

ಆ ಕಡೆ ಪುಣೆಯವರು ಹಾಡುವುದು ಕೇಳುತ್ತಿತ್ತು, ಸೂರಿನ ಪತ್ರಾಸಿನ ಮೇಲೆ ಮಳೆ ಬೀಳುವುದೂ ಕೇಳುತ್ತಿತ್ತು.

"ಹಂಚ ಒಡದೈತ್ರಿ," ಅಂದೆ.

"ಹೊಸಾದ ತರಸ್ತೀನಿ ಬಿಡ್ರಿ."

ಬೆಳಿಗ್ಗೆ ಬಿಸಿಲು ಬಿತ್ತು. ನಾನು ಹೋದೆ. ಒಲೆಯ ಬಾಯಿ ತುಂಬ ನೀರು ನಿಂತಿತ್ತು. ವಾಟಗದಿಂದ ಮೊಗೆದು ಹೊರಗೆ ಹಾಕಿದೆ, ತಳದ ಕೆಸರನ್ನು ಕೈಯಿಂದ ಬಳಿದು ತೆಗೆದೆ. ಆಚಾರಿ ಒಣ ಕಟ್ಟಿಗೆಯ ಹೊರೆಯನ್ನು ಕಿಟಕಿಯಿಂದ ಕೆಳಗೆ ಬಿಟ್ಟ, ಆಮೇಲೆ ಹೊಸ ಹಂಚು. ಹೊಸ ಹಂಚಿಗೆ ಮೊದಲ ರೊಟ್ಟಿ ಯಾವಾಗಲೂ ಹತ್ತಿಕೊಳ್ಳುತ್ತದೆ. ಎರಡನೆಯದು ಬಿಟ್ಟಿತು. ಅಷ್ಟರಲ್ಲಿ ಪುಣೆಯವರು ಎದ್ದು ಬಂದು, ಮೊಬೈಲು ಹಿಡಿದು, ನನ್ನ ಸುತ್ತ ಕೂತರು.